ಪೋಕರ್ ಬೇಸರ ತರಿಸಿದೆ, ಬೇರೆ ಫಾರ್ಮ್ಯಾಟ್‌ಗೆ ಹೋಗಲೇ?

ಪ್ರಶ್ನೆ: ಮೂರು ವರ್ಷದಿಂದ ಆನ್‌ಲೈನ್‌ನಲ್ಲಿ ಆರು ಜನರ ಟೇಬಲ್‌ನ ನೋ-ಲಿಮಿಟ್ ಹೋಲ್ಡೆಮ್ ಕ್ಯಾಶ್ (ಕೈಯಲ್ಲಿ ಎರಡು ಎಲೆ, ಬೆಟ್‌ಗೆ ಮಿತಿಯಿಲ್ಲ, ಚಿಪ್‌ಗೆ ನೇರ ಹಣದ ಬೆಲೆ) ಆಡುತ್ತಿದ್ದೇನೆ. ಕೆಲಸ ಮುಗಿಸಿ ರಾತ್ರಿ 9ರಿಂದ 11:30ರವರೆಗೆ, ಒಟ್ಟಿಗೆ 4 ಟೇಬಲ್. ಮೊದಲ 1,50,000 ಹ್ಯಾಂಡ್‌ಗಳಲ್ಲಿ ಪ್ರತಿ 100 ಹ್ಯಾಂಡಿಗೆ 4 ಬಿಗ್ ಬ್ಲೈಂಡ್ (ಎಲೆ ನೋಡುವ ಮೊದಲೇ ಹಾಕಬೇಕಾದ ಕಡ್ಡಾಯ ಪಣ, ಲಾಭ-ನಷ್ಟ ಅಳೆಯುವುದು ಇದರಲ್ಲೇ) ಲಾಭ ಇತ್ತು. ಮೂರು ತಿಂಗಳಿಂದ ಕೂತ ಹತ್ತು ನಿಮಿಷಕ್ಕೇ ಆಕಳಿಕೆ ಬರುತ್ತದೆ, ಪಕ್ಕದಲ್ಲಿ ವಿಡಿಯೊ ಹಾಕಿಕೊಂಡೇ ಆಡುತ್ತೇನೆ. ಈ ಅವಧಿಯ 30,000 ಹ್ಯಾಂಡ್‌ಗಳಲ್ಲಿ 100ಕ್ಕೆ 2 ಬಿಗ್ ಬ್ಲೈಂಡ್ ನಷ್ಟ. ಆಟದ ಲೆಕ್ಕ ಇಡುವ ಟ್ರ್ಯಾಕರ್ ಸಾಫ್ಟ್‌ವೇರ್‌ನಲ್ಲಿ 23 ಇದ್ದ ವಿಪಿಐಪಿ (ನಾನಾಗಿ ಹಣ ಹಾಕಿ ಆಡಿದ ಹ್ಯಾಂಡ್‌ಗಳ ಶೇಕಡಾ) 29ಕ್ಕೆ ಬಂದಿದೆ. ಬೇಸರ ಕಳೆಯಲು ಮೂವರ ಚುಟುಕು ಆಟವಾದ ಸ್ಪಿನ್ ಆಡಿದೆ, ಒಂದೆರಡು ಟೂರ್ನಮೆಂಟ್ ಆಡಿದೆ, ನಾಲ್ಕು ಎಲೆಯ ಒಮಾಹಾ ಕೂಡ ಆಡಿದೆ. ಒಮಾಹಾದಲ್ಲಿ 3,500 ಹ್ಯಾಂಡ್‌ಗೆ 14 ಬೈ-ಇನ್ (ಟೇಬಲ್‌ಗೆ ಕೂರುವಾಗ ತರುವ ಮೊತ್ತ, 100 ಬಿಗ್ ಬ್ಲೈಂಡ್) ಹೋಯಿತು. ಜೊತೆಗೆ ಆಡುವವರಲ್ಲಿ ಒಬ್ಬರು ‘ಫಾರ್ಮ್ಯಾಟ್ ಬದಲಿಸು, ಲಕ್ ತಿರುಗುತ್ತದೆ’ ಎನ್ನುತ್ತಾರೆ, ಇನ್ನೊಬ್ಬರು ‘ಸ್ಟೇಕ್ (ಆಡುವ ಹಣದ ಮಟ್ಟ) ಏರಿಸು, ತಾನಾಗಿ ಗಮನ ಬರುತ್ತದೆ’ ಎನ್ನುತ್ತಾರೆ. ಬದಲಿಸುವುದಾದರೆ ಯಾವುದಕ್ಕೆ, ಹೇಗೆ? ಹೋದರೆ ಹೋಲ್ಡೆಮ್ ಮರೆತುಹೋಗುತ್ತದೆಯೇ?

ಉತ್ತರ: ನಿಮಗೆ ಆಟ ಬೇಸರ ತಂದಿದೆ, ಅದೇ ಹೊತ್ತಿಗೆ ಆಟ ಕೈಕೊಟ್ಟಿದೆ. ಎರಡೂ ಒಟ್ಟಿಗೆ ಬಂದಾಗ ಒಂದೇ ಮದ್ದಿನಲ್ಲಿ ಎರಡೂ ಹೋಗಬಹುದು ಅನ್ನಿಸುವುದು ಸಹಜ. ಆದರೆ ಯಾವುದು ಯಾವುದರಿಂದ ಬಂತು ಎಂದು ತಿಳಿಯದೆ ಬೇರೆ ಆಟಕ್ಕೆ ಹೋದರೆ ಹಳೆಯ ತೊಂದರೆ ನಿಮ್ಮ ಜೊತೆಗೇ ಬರುತ್ತದೆ. ನೀವು ಕೊಟ್ಟ ಅಂಕಿಗಳು ಈ ಗಂಟು ಬಿಡಿಸಲು ಸಾಕು.

ಮೊದಲು ನಷ್ಟದ ಅಂಕಿ. ಆರು ಜನರ ಹೋಲ್ಡೆಮ್‌ನಲ್ಲಿ ಫಲಿತಾಂಶದ ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 100 ಹ್ಯಾಂಡಿಗೆ ಸಾಮಾನ್ಯವಾಗಿ 80ರಿಂದ 100 ಬಿಗ್ ಬ್ಲೈಂಡ್. 90 ಎಂದು ಹಿಡಿಯೋಣ. 30,000 ಹ್ಯಾಂಡ್ ಎಂದರೆ ನೂರರ 300 ಕಂತು. 300ರ ವರ್ಗಮೂಲ ಸುಮಾರು 17.3. 90ನ್ನು ಅದರಿಂದ ಭಾಗಿಸಿದರೆ 5.2. ಅಂದರೆ ಬರೀ ಅದೃಷ್ಟದಿಂದ 100ಕ್ಕೆ ಸುಮಾರು 5 ಬಿಗ್ ಬ್ಲೈಂಡ್ ಆಚೀಚೆ ಆಗುವುದು ಮಾಮೂಲು. ನಿಜಕ್ಕೂ 100ಕ್ಕೆ 4 ಗೆಲ್ಲುವ ಆಟಗಾರನಿಗೂ 30,000 ಹ್ಯಾಂಡ್‌ಗಳ ಒಂದು ಕಂತಿನಲ್ಲಿ ಮೈನಸ್ 2 ಅಥವಾ ಅದಕ್ಕೂ ಕೆಳಗಿನ ಫಲಿತಾಂಶ ಎಂಟಕ್ಕೆ ಒಂದು ಸಲ ಬಂದೇ ಬರುತ್ತದೆ. ಹಾಗಾಗಿ ನಷ್ಟವೊಂದನ್ನೇ ನೋಡಿ ‘ನನ್ನ ಆಟ ಕೆಟ್ಟಿದೆ’ ಎಂದು ತೀರ್ಮಾನಿಸುವ ಹಾಗಿಲ್ಲ.

ವಿಪಿಐಪಿಯ ಮಾತು ಬೇರೆ. ಅದು ನೀವಾಗಿಯೇ ಪಾಟ್‌ಗೆ (ಮಧ್ಯದ ಪಣದ ರಾಶಿಗೆ) ಹಣ ಹಾಕಿದ ಹ್ಯಾಂಡ್‌ಗಳ ಶೇಕಡಾ ಲೆಕ್ಕ. ಎಲೆ ಚೆನ್ನಾಗಿ ಬಂತೋ ಕೆಟ್ಟದಾಗಿ ಬಂತೋ ಎಂಬ ಅದೃಷ್ಟ 30,000 ಹ್ಯಾಂಡ್‌ಗಳಲ್ಲಿ ಈ ಅಂಕಿಯನ್ನು ಹೆಚ್ಚೆಂದರೆ ಅರ್ಧ ಅಂಶ ಆಚೀಚೆ ಮಾಡೀತು. 23ರಿಂದ 29ಕ್ಕೆ ಹೋಗಿದ್ದು ಅದೃಷ್ಟದಿಂದ ಅಲ್ಲ, ನಿಮ್ಮ ಬೆರಳಿನಿಂದ. ಪ್ರತಿ ನೂರರಲ್ಲಿ ಆರು ಹ್ಯಾಂಡ್‌ಗಳನ್ನು, ಹಿಂದೆ ಎಸೆಯುತ್ತಿದ್ದ ಎಲೆಗಳನ್ನು, ಈಗ ಆಡುತ್ತಿದ್ದೀರಿ. ಮೊದಲ ಸೀಟಿನಿಂದ ಬಣ್ಣ (ಹಾರ್ಟ್, ಸ್ಪೇಡ್‌ನಂಥ ನಾಲ್ಕು ಗುರುತುಗಳಲ್ಲಿ ಒಂದು) ಹೊಂದದ ರಾಜ-ಒಂಬತ್ತು, ರೈಸ್‌ಗೆ (ಏರಿಸಿದ ಪಣಕ್ಕೆ) ಎದುರಾಗಿ ಕಾಲ್ ಮಾಡಿದ (ಅಷ್ಟೇ ಹಣ ಹಾಕಿದ) ಎಕ್ಕ-ಆರು, ಇಂಥವು. ಈ ಆರರಲ್ಲಿ ಒಂದೊಂದೂ ಸರಾಸರಿ ಅರ್ಧದಿಂದ ಒಂದು ಬಿಗ್ ಬ್ಲೈಂಡ್ ಕಳೆದರೆ 100ಕ್ಕೆ 3ರಿಂದ 6 ಬಿಗ್ ಬ್ಲೈಂಡ್ ಹೋಯಿತು. ನಿಮ್ಮ ಲಾಭ 4ರಿಂದ ಮೈನಸ್ 2ಕ್ಕೆ ಇಳಿದಿದ್ದು 6. ಲೆಕ್ಕ ಸಾಕಷ್ಟು ಹೊಂದುತ್ತದೆ.

ಅಂದರೆ ಸೋಲಿನಿಂದ ಬೇಸರ ಬಂದದ್ದಲ್ಲ, ಬೇಸರದಿಂದ ಸೋಲು ಬಂದಿದೆ. ಇದು ಒಳ್ಳೆಯ ಸುದ್ದಿ, ಏಕೆಂದರೆ ತಿದ್ದಬೇಕಾದ ಜಾಗ ಕಣ್ಣೆದುರೇ ಇದೆ.

ಬೇಸರ ಎಲ್ಲಿಂದ ಬರುತ್ತಿದೆ

ಒಂದು ಟೇಬಲ್‌ನಲ್ಲಿ ಗಂಟೆಗೆ ಸುಮಾರು 75 ಹ್ಯಾಂಡ್ ಎಂದರೆ ನಾಲ್ಕು ಟೇಬಲ್‌ಗೆ 300. ಅದರಲ್ಲಿ 230 ಹ್ಯಾಂಡ್‌ಗಳನ್ನು ಯೋಚನೆಯೇ ಇಲ್ಲದೆ ಎಸೆಯುತ್ತೀರಿ, ಎಸೆಯಲೇಬೇಕು. ಉಳಿದ 70ರಲ್ಲಿ ಬಹುಪಾಲು ಫ್ಲಾಪ್‌ಗೆ (ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆಗೆ) ಮೊದಲೇ ಅಥವಾ ಫ್ಲಾಪ್‌ನಲ್ಲಿ ಒಂದು ಸಣ್ಣ ಬೆಟ್‌ಗೆ ಮುಗಿಯುತ್ತವೆ. ಟರ್ನ್, ರಿವರ್‌ವರೆಗೆ (ಮೇಜಿನ ನಾಲ್ಕನೇ, ಐದನೇ ಎಲೆವರೆಗೆ) ಹೋಗಿ ತಲೆ ಕೆರೆದುಕೊಳ್ಳುವಂಥದ್ದು ಗಂಟೆಗೆ ಹತ್ತಿಪ್ಪತ್ತು. ಮೊದಲ ವರ್ಷ 70 ಹ್ಯಾಂಡ್‌ಗಳೂ ಪ್ರಶ್ನೆಗಳಾಗಿದ್ದವು. ಮೂರನೇ ವರ್ಷಕ್ಕೆ ಅವುಗಳಲ್ಲಿ 60ಕ್ಕೆ ಉತ್ತರ ಕೈಗೇ ಗೊತ್ತು. ಕಲಿಕೆ ನಿಂತ ಜಾಗದಲ್ಲಿ ಬೇಸರ ಮೊಳೆಯುತ್ತದೆ.

ನಾಲ್ಕು ಟೇಬಲ್ ತೆರೆದರೆ ಬೇಸರ ಕಡಿಮೆಯಾಗುತ್ತದೆ ಎಂದುಕೊಳ್ಳುತ್ತಾರೆ. ಆಗುವುದು ತದ್ವಿರುದ್ಧ. ಟೇಬಲ್ ಹೆಚ್ಚಿದಷ್ಟೂ ಒಂದೊಂದು ನಿರ್ಧಾರಕ್ಕೆ ಸಿಗುವ ಹೊತ್ತು ಕಡಿಮೆ, ಹೊತ್ತು ಕಡಿಮೆಯಾದಷ್ಟೂ ಕೈ ಯಂತ್ರವಾಗುತ್ತದೆ, ಎದುರಾಳಿ ಯಾರು ಎಂಬುದೇ ಕಾಣಿಸುವುದಿಲ್ಲ. ಬರೀ ಎಲೆಗಳು ಬಂದು ಹೋಗುತ್ತವೆ. ಆ ಖಾಲಿ ಜಾಗಕ್ಕೆ ವಿಡಿಯೊ ಬರುತ್ತದೆ. ವಿಡಿಯೊ ಬಂದ ಮೇಲೆ ಇದ್ದ ಹತ್ತಿಪ್ಪತ್ತು ಒಳ್ಳೆಯ ಪ್ರಶ್ನೆಗಳೂ ಕೈತಪ್ಪುತ್ತವೆ.

ಇಲ್ಲೇ ನಿಮ್ಮ ಗೆಳೆಯರ ಎರಡು ಮಾತುಗಳನ್ನೂ ನೋಡೋಣ. ‘ಫಾರ್ಮ್ಯಾಟ್ ಬದಲಿಸಿದರೆ ಲಕ್ ತಿರುಗುತ್ತದೆ’ ಎಂಬುದು ಸುಳ್ಳು. ಎಲೆ ಕಲೆಸುವ ಸಾಫ್ಟ್‌ವೇರ್‌ಗೆ ನಿಮ್ಮ ಹಿಂದಿನ ಆಟ ನೆನಪಿರುವುದಿಲ್ಲ. ಹೊಸ ಆಟದಲ್ಲಿ ನಿಮಗೆ ಅನುಭವ ಕಡಿಮೆ, ಹಾಗಾಗಿ ಸೋಲುವ ಸಂಭವವೇ ಹೆಚ್ಚು. ‘ಸ್ಟೇಕ್ ಏರಿಸಿದರೆ ಗಮನ ಬರುತ್ತದೆ’ ಎಂಬುದರಲ್ಲಿ ಅರ್ಧ ಸತ್ಯ ಇದೆ, ಆ ಅರ್ಧವೇ ಅಪಾಯಕಾರಿ. ಹಣ ದೊಡ್ಡದಾದಾಗ ಎಚ್ಚರ ಬರುತ್ತದೆ. ಅದು ಭಯದ ಎಚ್ಚರ, ಎರಡು ವಾರದಲ್ಲಿ ಆ ಮೊತ್ತವೂ ಅಭ್ಯಾಸವಾಗುತ್ತದೆ. ಆಮೇಲೆ ಅದೇ ಬೇಸರ ಹೆಚ್ಚು ದುಡ್ಡಿನ ಮೇಲೆ, ನಿಮಗಿಂತ ಬಲವಾದ ಎದುರಾಳಿಗಳ ನಡುವೆ. ವಿಪಿಐಪಿ 29 ಇರುವಾಗ ಸ್ಟೇಕ್ ಏರಿಸಬೇಡಿ.

ಒಮಾಹಾದ 14 ಬೈ-ಇನ್ ಹೋಗಿದ್ದೇಕೆ

ಇದನ್ನು ಸ್ವಲ್ಪ ವಿವರವಾಗಿ ನೋಡುತ್ತೇನೆ. ಹೋಲ್ಡೆಮ್‌ನವರು ಬೇಸರವಾದಾಗ ಮೊದಲು ಹೋಗುವುದು ಪಾಟ್-ಲಿಮಿಟ್ (ಬೆಟ್ ಪಾಟ್‌ನ ಮೊತ್ತ ಮೀರದ) ಒಮಾಹಾಕ್ಕೇ. ಎಡವುವುದೂ ಒಂದೇ ಜಾಗಗಳಲ್ಲಿ.

ಒಮಾಹಾದ ಏರಿಳಿತ 100ಕ್ಕೆ 130ರಿಂದ 160 ಬಿಗ್ ಬ್ಲೈಂಡ್. 140 ಹಿಡಿದರೆ 3,500 ಹ್ಯಾಂಡ್‌ಗಳಲ್ಲಿ ಬರೀ ಅದೃಷ್ಟದಿಂದ ಎಂಟು ಬೈ-ಇನ್ ಮೇಲೆ ಕೆಳಗೆ ಆಗುವುದು ಮಾಮೂಲು. ಹೊಸಬರಾಗಿ ನೀವು 100ಕ್ಕೆ 15 ಬಿಗ್ ಬ್ಲೈಂಡ್ ಕಳೆಯುವಂತೆ ಆಡಿದ್ದೀರಿ ಎಂದುಕೊಂಡರೆ ಅದರ ಪಾಲು ಐದು ಬೈ-ಇನ್ ಚಿಲ್ಲರೆ. ಎರಡೂ ಕೂಡಿದರೆ 13, 14ರ ಹತ್ತಿರ ಬಂತು. ದುರದೃಷ್ಟ ಇತ್ತು, ಕಲಿಯದೆ ಹೋದದ್ದೂ ಇತ್ತು. ಎರಡನೆಯದನ್ನು ಮಾತ್ರ ತಿದ್ದಬಹುದು.

ಹೋಲ್ಡೆಮ್‌ನಲ್ಲಿ ಆರಂಭದ ಎಲೆಗಳ ಜೋಡಣೆ 1,326, ಒಮಾಹಾದಲ್ಲಿ 2,70,725. ಕೈಯಲ್ಲಿ ನಾಲ್ಕು ಎಲೆ ಎಂದರೆ ಎರಡೆರಡರ ಆರು ಜೋಡಿ. ಜೋಡಿ ಎಕ್ಕ ಹೋಲ್ಡೆಮ್‌ನಲ್ಲಿ 221ಕ್ಕೆ ಒಂದು ಸಲ ಬಂದರೆ ಇಲ್ಲಿ ಸುಮಾರು 39ಕ್ಕೆ ಒಂದು ಸಲ. ಆದರೆ ಅದರ ಬೆಲೆಯೂ ಅಷ್ಟೇ ಇಳಿದಿರುತ್ತದೆ. ಹೋಲ್ಡೆಮ್‌ನಲ್ಲಿ ಜೋಡಿ ರಾಜನ ಎದುರು ಜೋಡಿ ಎಕ್ಕ 82ಕ್ಕೆ 18ರ ಮೇಲುಗೈ. ಒಮಾಹಾದಲ್ಲಿ ಸಾಲಾಗಿ ಹೊಂದಿದ, ಎರಡು ಬಣ್ಣ ಇರುವ ನಾಲ್ಕು ಎಲೆಗಳ ಎದುರು ಎಕ್ಕಗಳ ಮೇಲುಗೈ 60ಕ್ಕೆ 40, ಕೆಲವೊಮ್ಮೆ ಅದಕ್ಕೂ ಹತ್ತಿರ. ಹೋಲ್ಡೆಮ್‌ನಿಂದ ಬಂದವರು ಎಕ್ಕ ಕಂಡ ಕೂಡಲೇ ಪಾಟ್ ಎಂದು ಒತ್ತಿ, ಫ್ಲಾಪ್‌ನಲ್ಲಿ ಏನೂ ಸಿಗದಿದ್ದರೂ ಬಿಡಲಾರದೆ ಪೂರ್ತಿ ಸ್ಟ್ಯಾಕ್ (ಮುಂದಿರುವ ಚಿಪ್‌ಗಳ ರಾಶಿ) ಹಾಕುತ್ತಾರೆ.

ಎರಡನೆಯ ತಪ್ಪು, ಎಲ್ಲಕ್ಕಿಂತ ದುಬಾರಿ ತಪ್ಪು, ‘ಎಲ್ಲಕ್ಕಿಂತ ಮೇಲಿನ ಎಲೆ’ ಅಲ್ಲದ ಎಲೆಗೆ ಹಣ ಹಾಕುವುದು. ಉದಾಹರಣೆ ನೋಡಿ. ಫ್ಲಾಪ್ 9-8-2, ಮೂರೂ ಬೇರೆ ಬಣ್ಣ. ನಿಮ್ಮ ಕೈಯಲ್ಲಿ ಗುಲಾಮ-10-7-6. ರಾಣಿ, ಗುಲಾಮ, 10, 7, 6, 5 ಯಾವುದು ಬಂದರೂ ಸ್ಟ್ರೇಟ್ (ಸಾಲಾದ ಐದು ಎಲೆ). ಎಣಿಸಿದರೆ 20 ಔಟ್, ಅಂದರೆ ನಿಮಗೆ ಬೇಕಾದ ಎಲೆ. ಹೋಲ್ಡೆಮ್‌ನ ಎರಡೂ ತುದಿ ತೆರೆದ ಸ್ಟ್ರೇಟ್ ಡ್ರಾಗೆ 8 ಮಾತ್ರ, ಹಾಗಾಗಿ ಇದು ಸ್ವರ್ಗದಂತೆ ಕಾಣುತ್ತದೆ. ಆದರೆ ಗುಲಾಮ ಬಂದರೆ ರಾಣಿ-10 ಹಿಡಿದವರು ನಿಮ್ಮನ್ನು ಮೀರುತ್ತಾರೆ, 10 ಬಂದರೆ ರಾಣಿ-ಗುಲಾಮ ಹಿಡಿದವರು. ಹಾಗಾಗಿ ಅತ್ಯುತ್ತಮ ಸ್ಟ್ರೇಟ್ ಕೊಡುವುದು 14 ಎಲೆ, ಉಳಿದ 6 ಎಲೆ ಸ್ಟ್ರೇಟ್ ಕೊಟ್ಟೂ ಸ್ಟ್ಯಾಕ್ ಕಿತ್ತುಕೊಳ್ಳಬಲ್ಲವು. ಒಮಾಹಾ ಕಲಿಯುವುದು ಎಂದರೆ ಮುಖ್ಯವಾಗಿ ಈ 14 ಮತ್ತು 6ರ ವ್ಯತ್ಯಾಸ ಕಲಿಯುವುದು. ರಾಣಿ ಎತ್ತರದ ಫ್ಲಶ್ (ಒಂದೇ ಬಣ್ಣದ ಐದು ಎಲೆ), ಬರೀ ಎರಡು ಜೋಡಿ, ಕೆಳಗಿನ ಸೆಟ್ (ಕೈಯ ಜೋಡಿಗೆ ಮೇಜಿನ ಒಂದು ಸೇರಿ ಮೂರು), ಎಲ್ಲಕ್ಕೂ ಇದೇ ನಿಯಮ. ಹಲವರು ಇರುವ ಪಾಟ್‌ನಲ್ಲಿ ಎರಡನೆಯ ಅತ್ಯುತ್ತಮ ಎಲೆ ಎಂದರೆ ಹಣ ಕೊಡುವ ಎಲೆ.

ಮೂರನೆಯದು ಸಣ್ಣದು, ಆದರೂ ಮೊದಲ ವಾರ ಎಲ್ಲರಿಗೂ ಆಗುತ್ತದೆ: ಕೈಯಿಂದ ಸರಿಯಾಗಿ ಎರಡು ಎಲೆ, ಮೇಜಿನಿಂದ ಮೂರು. ಮೇಜಿನ ಮೇಲೆ ನಾಲ್ಕು ಹಾರ್ಟ್ ಬಿದ್ದು ಕೈಯಲ್ಲಿ ಹಾರ್ಟ್ ಎಕ್ಕ ಒಂದೇ ಇದ್ದರೆ ನಿಮಗೆ ಫ್ಲಶ್ ಇಲ್ಲ. ಎದುರಾಳಿಗೆ ಎಕ್ಕ ಎತ್ತರದ ಫ್ಲಶ್ ಇಲ್ಲ ಎಂದು ಮಾತ್ರ ನಿಮಗೆ ಗೊತ್ತು.

ಹಾಗಾದರೆ ಯಾವುದಕ್ಕೆ ಹೋಗುವುದು

ಹೊಸ ಫಾರ್ಮ್ಯಾಟ್ ಬೇಸರ ಕಳೆಯುತ್ತದೆ, ನಿಜ. ಆದರೆ ಅದು ಎರಡು ಬೇರೆ ದಾರಿಯಲ್ಲಿ ಕಳೆಯಬಲ್ಲದು. ಒಂದು, ನೀವು ತೆಗೆದುಕೊಳ್ಳುವ ನಿರ್ಧಾರಗಳ ಬಗೆ ಬದಲಾಗಿ, ತಲೆಗೆ ಹೊಸ ಕೆಲಸ ಸಿಕ್ಕಿ. ಇನ್ನೊಂದು, ಗೆಲುವು-ಸೋಲಿನ ಸದ್ದು ಜೋರಾಗಿ, ಬೇಗ ಬೇಗ ಕೇಳಿಸಿ. ಮೊದಲನೆಯದು ತಿಂಗಳುಗಟ್ಟಲೆ ಬಾಳುತ್ತದೆ, ಎರಡನೆಯದು ಎರಡು ವಾರ. ಆಯ್ಕೆ ಮಾಡುವಾಗ ಇದೊಂದನ್ನೇ ಕೇಳಿಕೊಳ್ಳಿ: ಇಲ್ಲಿ ನಾನು ಹೊಸದಾಗಿ ಯೋಚಿಸಬೇಕಾದದ್ದು ಏನು?

ಈ ಪ್ರಶ್ನೆಗೆ ಫಾಸ್ಟ್-ಫೋಲ್ಡ್ ಟೇಬಲ್‌ಗಳಲ್ಲಿ ಉತ್ತರ ‘ಏನೂ ಇಲ್ಲ’. ಫೋಲ್ಡ್ (ಎಲೆ ಎಸೆಯುವ ಗುಂಡಿ) ಒತ್ತಿದ ತಕ್ಷಣ ಬೇರೆ ಟೇಬಲ್, ಬೇರೆ ಎಲೆ, ಗಂಟೆಗೆ 200ಕ್ಕೂ ಹೆಚ್ಚು ಹ್ಯಾಂಡ್. ಕಾಯುವ ಹೊತ್ತು ತಪ್ಪುತ್ತದೆ, ಆದರೆ ಎದುರಾಳಿಯನ್ನು ಓದುವ ಅವಕಾಶ ಇನ್ನೂ ಕಡಿಮೆಯಾಗುತ್ತದೆ. ನಿಮ್ಮ ಈಗಿನ ರೋಗವನ್ನು ಅದು ಹೆಚ್ಚಿಸುತ್ತದೆ.

ಸ್ಪಿನ್ ಬಗ್ಗೆ ನಾನು ಇನ್ನೂ ಕಟುವಾಗಿ ಹೇಳುತ್ತೇನೆ. ಮೂವರು ಆಟಗಾರರು, ಸಾಮಾನ್ಯವಾಗಿ 25 ಬಿಗ್ ಬ್ಲೈಂಡ್‌ನಿಂದ ಆರಂಭ, ಬ್ಲೈಂಡ್ ಬೇಗ ಬೇಗ ಏರುತ್ತದೆ, ಬಹುಮಾನ ಬೈ-ಇನ್‌ನ ಎಷ್ಟು ಪಟ್ಟು ಎಂಬುದನ್ನು ಮೊದಲೇ ತಿರುಗುವ ಚಕ್ರ ನಿರ್ಧರಿಸುತ್ತದೆ. ಹೆಚ್ಚಿನ ಆಟಗಳು ಕೆಳಗಿನ ಪಟ್ಟುಗಳಲ್ಲೇ ಮುಗಿಯುತ್ತವೆ. ಮೂವರು ಒಂದೊಂದು ಬೈ-ಇನ್ ಹಾಕಿ, 2 ಪಟ್ಟು ಬಂದರೆ, ಮೂರರಲ್ಲಿ ಎರಡು ಮಾತ್ರ ಟೇಬಲ್‌ಗೆ ವಾಪಸ್. ಉಳಿದದ್ದು ಅಪರೂಪದ ದೊಡ್ಡ ಪಟ್ಟುಗಳಿಗೆ ಮತ್ತು ರೇಕ್‌ಗೆ (ಆಟದ ತಾಣ ಕಡಿದುಕೊಳ್ಳುವ ಪಾಲಿಗೆ). ಗಂಭೀರವಾಗಿ ಕಲಿತವರಿಗೆ ಇದರಲ್ಲೂ ಕೌಶಲ ಇದೆ, ಚಿಕ್ಕ ಸ್ಟ್ಯಾಕ್‌ನ ಆಟ ಇಲ್ಲಿ ಹರಿತವಾಗುತ್ತದೆ. ಆದರೆ ಬೇಸರ ಕಳೆಯಲು ಬಂದವರನ್ನು ಹಿಡಿದಿಡುವುದು ಚಕ್ರ, ಆಟವಲ್ಲ. ನೀವು ಈಗ ಇರುವ ಮನಸ್ಥಿತಿಯಲ್ಲಿ ಇದನ್ನು ಮುಟ್ಟಬೇಡಿ.

ದೊಡ್ಡ ಟೂರ್ನಮೆಂಟ್ ನಿಮ್ಮ ಗಡಿಯಾರಕ್ಕೆ ಹೊಂದುವುದಿಲ್ಲ. ಚೆನ್ನಾಗಿ ಆಡಿದ ದಿನವೇ ಐದಾರು ಗಂಟೆ ಕೂರಬೇಕು. 11:30ಕ್ಕೆ ಏಳಬೇಕಾದವರು ಬಹುಮಾನದ ಹೊಸ್ತಿಲಲ್ಲಿ ಆತುರಪಟ್ಟು ಎಲ್ಲವನ್ನೂ ಹಾಕುತ್ತಾರೆ, ಅಥವಾ ಬೆಳಗಿನ ಕೆಲಸ ಕೆಡಿಸಿಕೊಳ್ಳುತ್ತಾರೆ. ಹಣ ಸಿಗುವುದು ಸಾಮಾನ್ಯವಾಗಿ ನೂರರಲ್ಲಿ 10ರಿಂದ 15 ಜನಕ್ಕೆ, ಅದರಲ್ಲೂ ಬಹುಪಾಲು ಮೊದಲ ಕೆಲವು ಸ್ಥಾನಗಳಿಗೆ. ಸೋಲಿನ ಸಾಲು ಬಹಳ ಉದ್ದ ಇರುತ್ತದೆ. ತಲೆಗೆ ಪ್ರೋಗ್ರೆಸಿವ್ ಬೌಂಟಿ (ಹೊರಹಾಕಿದವರಿಗೆ ಸಿಗುವ, ಏರುತ್ತ ಹೋಗುವ ಬಹುಮಾನ) ಇರುವ ಟೂರ್ನಮೆಂಟ್ ರಂಜನೀಯ, ಎದುರಾಳಿಯನ್ನು ಹೊರಹಾಕಿದರೆ ಅವನ ಬೌಂಟಿಯ ಅರ್ಧ ಕೂಡಲೇ ನಿಮಗೆ, ಇನ್ನರ್ಧ ನಿಮ್ಮ ತಲೆಯ ಬೆಲೆಗೆ ಸೇರುತ್ತದೆ. ಆದರೆ ಹೊತ್ತಿನ ತೊಂದರೆ ಅಲ್ಲೂ ಅದೇ. ವಾರಕ್ಕೊಮ್ಮೆ, ರಜೆಯ ದಿನ ಮಾತ್ರ.

ನಿಮಗೆ ನಾನು ಸೂಚಿಸುವುದು ಎರಡರಲ್ಲಿ ಒಂದು: ಒಂದೇ ಟೇಬಲ್‌ನ ಒಂಬತ್ತು ಜನರ ಸಿಟ್ ಅಂಡ್ ಗೋ (ಸೀಟು ತುಂಬಿದ ಕೂಡಲೇ ಶುರುವಾಗುವ ಪುಟ್ಟ ಟೂರ್ನಮೆಂಟ್), ಅಥವಾ ಇಬ್ಬರೇ ಆಡುವ ಹೆಡ್ಸ್-ಅಪ್ ಸಿಟ್ ಅಂಡ್ ಗೋ. ಎರಡರಲ್ಲೂ ಒಂದು ಆಟದ ನಷ್ಟ ಒಂದು ಬೈ-ಇನ್ ಮೀರುವುದಿಲ್ಲ, ಸಾಮಾನ್ಯವಾಗಿ ನಿಮ್ಮ ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ.

ಒಂಬತ್ತು ಜನರ ಆಟದ ಹೊಸತನ ಇರುವುದು ಚಿಪ್‌ಗೂ ಹಣಕ್ಕೂ ಇರುವ ಅಂತರದಲ್ಲಿ. ಕ್ಯಾಶ್ ಆಟಗಾರರಿಗೆ ಇದು ಪೂರ್ತಿ ಹೊಸ ಲೋಕ. ಬಹುಮಾನ 50, 30, 20 ಶೇಕಡಾ ಎಂದಿಟ್ಟುಕೊಳ್ಳಿ, ನಾಲ್ವರು ಉಳಿದಿದ್ದಾರೆ, ಎಲ್ಲರ ಚಿಪ್ ಸಮ. ಒಬ್ಬೊಬ್ಬರ ಪಾಲು ಒಟ್ಟು ಬಹುಮಾನದ 25 ಶೇಕಡಾ. ಒಬ್ಬ ಆಲ್-ಇನ್ ಹೋಗಿದ್ದಾನೆ (ಇದ್ದ ಚಿಪ್ ಎಲ್ಲ ಹಾಕಿದ್ದಾನೆ), ನೀವು ಕಾಲ್ ಮಾಡಿ ಗೆದ್ದಿರಿ. ಈಗ ಮೂವರು, ಅರ್ಧ ಚಿಪ್ ನಿಮ್ಮದು. ಮೊದಲ ಸ್ಥಾನದ ಸಾಧ್ಯತೆ ಅರ್ಧ, ಎರಡನೆಯದರದು ಮೂರನೇ ಒಂದು, ಮೂರನೆಯದರದು ಆರನೇ ಒಂದು. ಗುಣಿಸಿ ಕೂಡಿದರೆ ನಿಮ್ಮ ಪಾಲು 38.3 ಶೇಕಡಾ, 50 ಅಲ್ಲ. ಚಿಪ್ ಇಮ್ಮಡಿಯಾಯಿತು, ಹಣ ಒಂದೂವರೆ ಪಟ್ಟು ಆಯಿತು ಅಷ್ಟೇ. 25ನ್ನು ಪಣಕ್ಕಿಟ್ಟು 38.3 ಪಡೆಯುವ ಈ ಕಾಲ್ ಲಾಭವಾಗಲು ನೂರಕ್ಕೆ 65 ಸಲ ಗೆಲ್ಲಬೇಕು. ಕ್ಯಾಶ್‌ನಲ್ಲಿ ಕಣ್ಣು ಮುಚ್ಚಿ ಕಾಲ್ ಮಾಡುವ ಎಕ್ಕ-ರಾಜ ಇಲ್ಲಿ ಎಷ್ಟೋ ಸಲ ಫೋಲ್ಡ್. ಎದುರಾಳಿಗಳಿಗೂ ಇದೇ ಇಕ್ಕಟ್ಟು ಎಂದು ತಿಳಿದಾಗ ಯಾರ ಬ್ಲೈಂಡ್ ಮೇಲೆ ಯಾವಾಗ ಆಲ್-ಇನ್ ಹೋಗಬಹುದು ಎಂಬ ಇನ್ನೊಂದು ಪದರ ತೆರೆದುಕೊಳ್ಳುತ್ತದೆ. ಐಸಿಎಂ ಎಂದು ಕರೆಯುವುದು ಚಿಪ್‌ಗೆ ಹಣದ ಬೆಲೆ ಕಟ್ಟುವ ಈ ಲೆಕ್ಕವನ್ನೇ. ಪುಕ್ಕಟೆ ಕ್ಯಾಲ್ಕುಲೇಟರ್‌ಗಳಿವೆ, ಆಡಿದ ಹ್ಯಾಂಡ್‌ಗಳನ್ನು ಮಾರನೆಯ ದಿನ ಹಾಕಿ ನೋಡಬಹುದು. ಉತ್ತರ ಅಂಕಿಯಲ್ಲಿ ಸಿಗುತ್ತದೆ, ಕಲಿತದ್ದು ಕಣ್ಣಿಗೆ ಕಾಣುತ್ತದೆ. ಬೇಸರ ಬಂದವರಿಗೆ ಇದರಷ್ಟು ಒಳ್ಳೆಯ ಔಷಧ ನಾನು ಕಂಡಿಲ್ಲ.

ಹೆಡ್ಸ್-ಅಪ್ ಇನ್ನೊಂದು ಬಗೆ. ‘ಎಸೆದು ಎಸೆದು ಸಾಕಾಯಿತು’ ಎನ್ನುವವರಿಗೆ ಇದು ನೇರ ಉತ್ತರ. ಬಟನ್‌ನಲ್ಲಿರುವವರೇ (ಡೀಲರ್ ಸೀಟಿನವರೇ) ಸ್ಮಾಲ್ ಬ್ಲೈಂಡ್ (ಚಿಕ್ಕ ಕಡ್ಡಾಯ ಪಣ) ಹಾಕುತ್ತಾರೆ, ಫ್ಲಾಪ್‌ಗೆ ಮೊದಲು ಮೊದಲು ಆಡುತ್ತಾರೆ, ಆಮೇಲೆ ಕೊನೆಗೆ. ಆ ಜಾಗದಿಂದ ಹತ್ತರಲ್ಲಿ ಎಂಟು ಹ್ಯಾಂಡ್ ಆಡುವುದು ಸರಿಯಾದ ಆಟವೇ. ಎರಡನೇ ಜೋಡಿಗೂ ಬೆಲೆ, ಎಕ್ಕ ಎತ್ತರದ ಬರಿಗೈಗೂ ಬೆಲೆ, ಎದುರಿಗೆ ಒಬ್ಬನೇ ಇರುವುದರಿಂದ ಅವನ ನಡೆ ನೋಡದೆ ಗತಿಯಿಲ್ಲ. ಅಪಾಯ ಏನೆಂದರೆ ಇದು ವೈಯಕ್ತಿಕವಾಗಿಬಿಡುತ್ತದೆ. ಸೋತಾಗ ಅದೇ ವ್ಯಕ್ತಿಯ ಜೊತೆ ಮತ್ತೊಂದು, ಮಗದೊಂದು ಎಂದು ಹಠ ಹತ್ತುತ್ತದೆ. ಒಬ್ಬರ ಜೊತೆ ಹೆಚ್ಚೆಂದರೆ ಎರಡು ಆಟ ಎಂದು ಮೊದಲೇ ಬರೆದಿಟ್ಟುಕೊಳ್ಳಿ.

ಶಾರ್ಟ್ ಡೆಕ್ ಸಿಕ್ಕಿದರೆ ನೋಡಬಹುದು: 2ರಿಂದ 5ರವರೆಗಿನ ಎಲೆ ತೆಗೆದ 36 ಎಲೆಯ ಕಟ್ಟು, ಫ್ಲಶ್ ಫುಲ್ ಹೌಸ್‌ಗಿಂತ ಮೇಲು, ಎರಡೂ ತುದಿ ತೆರೆದ ಡ್ರಾ ಫ್ಲಾಪ್‌ನಿಂದ ರಿವರ್‌ವರೆಗೆ ಕೂಡಿಬರುವುದು 45 ಶೇಕಡಾಕ್ಕೂ ಹೆಚ್ಚು, ಹೋಲ್ಡೆಮ್‌ನಲ್ಲಿ ಅದು 31ರ ಹತ್ತಿರ. ಸ್ಟಡ್, ಡ್ರಾ ಮುಂತಾದ ಮಿಶ್ರ ಆಟಗಳು ಕುತೂಹಲಕ್ಕೆ ಹಬ್ಬ, ಆದರೆ ಟೇಬಲ್ ಸಿಗುವುದೇ ಕಷ್ಟ, ಕೂತವರು ಹಳೆಯ ಹುಲಿಗಳು.

ಒಮಾಹಾಕ್ಕೆ ಮರಳುವ ಆಸೆ ಇದ್ದರೆ ಬೇಡ ಎನ್ನುವುದಿಲ್ಲ. ಮೂರು ತಿಂಗಳ ನಂತರ, ಈಗಿನದಕ್ಕಿಂತ ನಾಲ್ಕನೇ ಒಂದು ಸ್ಟೇಕ್‌ನಲ್ಲಿ, ಒಂದೇ ಟೇಬಲ್.

ಹೋಗುವ ಕ್ರಮ

ಹೊಸ ಆಟಕ್ಕೆ ಹೋಗುವ ಮೊದಲು ಎರಡು ವಾರ ಹಳೆಯ ಆಟದಲ್ಲೇ ಒಂದು ಪರೀಕ್ಷೆ ಮಾಡಿ. ಇದನ್ನು ಬಿಟ್ಟುಬಿಡುವ ಮನಸ್ಸಾಗುತ್ತದೆ, ಬಿಡಬೇಡಿ. ನಾಲ್ಕು ಟೇಬಲ್ ಎರಡಕ್ಕೆ ಇಳಿಸಿ. ವಿಡಿಯೊ ಬಂದ್, ಫೋನ್ ಬೇರೆ ಕೋಣೆಯಲ್ಲಿ. ಸರದಿ ಬರುವ ಮೊದಲೇ ಫೋಲ್ಡ್ ಗುರುತು ಹಾಕುವ ಗುಂಡಿ ಬಳಸಬೇಡಿ, ಕಣ್ಣು ಟೇಬಲ್ ಬಿಡಲು ಕಲಿತದ್ದೇ ಅದರಿಂದ. 50 ನಿಮಿಷ ಆಟ, 10 ನಿಮಿಷ ಎದ್ದು ಓಡಾಟ. ಪ್ರತಿ ಸಂಜೆಗೆ ಒಂದೇ ಒಂದು ವಿಷಯ ಹಿಡಿಯಿರಿ: ಉದಾಹರಣೆಗೆ ಈ ವಾರ ಬಿಗ್ ಬ್ಲೈಂಡ್‌ನಿಂದ ಬಟನ್ ವಿರುದ್ಧ ಚೆಕ್-ರೈಸ್ (ಮೊದಲು ಸುಮ್ಮನಿದ್ದು, ಅವರು ಬೆಟ್ ಹಾಕಿದಾಗ ಏರಿಸುವುದು). ನೀವು ಎಸೆದ ಹ್ಯಾಂಡ್‌ಗಳಲ್ಲೂ ಎಲೆ ತೋರಿಸುವ ಮೊದಲು ಎದುರಾಳಿಯ ಕೈಯನ್ನು ಮನಸ್ಸಿನಲ್ಲೇ ಊಹಿಸಿ. ಗೊಂದಲವಾದ ಐದು ಹ್ಯಾಂಡ್ ಗುರುತು ಹಾಕಿ, ಐದಕ್ಕಿಂತ ಹೆಚ್ಚು ಬೇಡ, ಮರುದಿನ 20 ನಿಮಿಷ ಅವನ್ನು ನೋಡಿ.

ಎರಡು ವಾರದ ಕೊನೆಗೆ ಹಣ ನೋಡಬೇಡಿ, ವಿಪಿಐಪಿ ನೋಡಿ. 24ರ ಆಸುಪಾಸಿಗೆ ಇಳಿದಿದ್ದರೆ, ಆಕಳಿಕೆಯೂ ನಿಂತಿದ್ದರೆ, ನಿಮಗೆ ಬೇಕಿದ್ದದ್ದು ಗಮನ, ಹೊಸ ಆಟವಲ್ಲ. ವಿಪಿಐಪಿ ಇಳಿದೂ ಬೇಸರ ಉಳಿದಿದ್ದರೆ ಕಲಿಕೆಯ ಹಸಿವು ಎಂದು ತಿಳಿದು ಸಿಟ್ ಅಂಡ್ ಗೋಗೆ ಹೋಗಿ. ವಿಪಿಐಪಿ ಇಳಿಸಲು ಆಗಲೇ ಇಲ್ಲ, ಗೊತ್ತಿದ್ದೂ ಕೈ ತಡೆಯಲಿಲ್ಲ ಎಂದಾದರೆ ಅದು ಬೇರೆ ವಿಷಯ. ಅದಕ್ಕೆ ಕೆಳಗೆ ಬರುತ್ತೇನೆ.

ಹೊಸ ಆಟಕ್ಕೆ ಬೇರೆ ಚೀಲ ಕಟ್ಟಿ. ಸಿಟ್ ಅಂಡ್ ಗೋಗಾದರೆ 40 ಬೈ-ಇನ್, ಒಂದೊಂದು ಬೈ-ಇನ್ ನಿಮ್ಮ ಈಗಿನ ಕ್ಯಾಶ್ ಬೈ-ಇನ್‌ನ ಹತ್ತನೇ ಒಂದು ಭಾಗ ಮೀರದಂತೆ. ಇದು ಕಲಿಕೆಯ ಶುಲ್ಕ, ಹೋದರೆ ಹೋಯಿತು ಎಂದು ಒಪ್ಪಿಕೊಂಡ ಹಣ. ಮುಂದೆ ಆ ಆಟವನ್ನೇ ಮುಖ್ಯವಾಗಿ ಆಡುವುದಾದರೆ ಬೇಕಾಗುವ ಬ್ಯಾಂಕ್‌ರೋಲ್ (ಆಟಕ್ಕೆಂದೇ ಇಟ್ಟ ಹಣ) ಬೇರೆ: ಹೋಲ್ಡೆಮ್ ಕ್ಯಾಶ್‌ಗೆ 30ರಿಂದ 40 ಬೈ-ಇನ್ ಸಾಕಾದರೆ ಒಮಾಹಾಕ್ಕೆ 60ರಿಂದ 100, ದೊಡ್ಡ ಟೂರ್ನಮೆಂಟ್‌ಗಳಿಗೆ 200ಕ್ಕೂ ಮೇಲೆ. ಹೊಸದಕ್ಕೆ ಸೇರುವ ಮುನ್ನ ರೇಕ್ ನೋಡಿ. 10 ಮೊತ್ತದ ಆಟಕ್ಕೆ 1 ಶುಲ್ಕ ಎಂದರೆ ಕೌಶಲದಿಂದ ಬರುವ ಲಾಭದ ದೊಡ್ಡ ಪಾಲು ಅಲ್ಲೇ ಹೋಗುತ್ತದೆ.

ವಾರದ ನಾಲ್ಕು ಸಂಜೆಯಲ್ಲಿ ಮೂರು ಹಳೆಯದು, ಒಂದು ಹೊಸದು. ಒಂದೇ ಸಂಜೆ ಎರಡನ್ನೂ ಬೆರೆಸಬೇಡಿ. ಸೋಲುತ್ತಿರುವಾಗ ಆಟ ಬದಲಿಸಲೇಬೇಡಿ: ಕ್ಯಾಶ್‌ನಲ್ಲಿ ಎರಡು ಬೈ-ಇನ್ ಹೋದ ಮೇಲೆ ‘ಒಂದು ಬೇರೆ ಆಡಿ ನೋಡೋಣ’ ಅನ್ನಿಸುವುದು ಬೇಸರವಲ್ಲ, ಟಿಲ್ಟ್, ಅಂದರೆ ಸೋಲಿನ ಸಿಟ್ಟಿನಲ್ಲಿ ಹದ ತಪ್ಪುವುದು. ಯಾವ ದಿನ ಯಾವುದು ಎಂದು ಭಾನುವಾರವೇ ಬರೆದಿಟ್ಟರೆ ಈ ಚೌಕಾಸಿಗೆ ಜಾಗವೇ ಇರುವುದಿಲ್ಲ. 100 ಸಿಟ್ ಅಂಡ್ ಗೋ ಆಗುವವರೆಗೆ ಫಲಿತಾಂಶ ನೋಡಿ ಏನನ್ನೂ ತೀರ್ಮಾನಿಸಬೇಡಿ. 100 ಕೂಡ ಚಿಕ್ಕ ಸಂಖ್ಯೆಯೇ, ಆದರೆ ‘ಈ ಆಟ ನನಗೆ ಇಷ್ಟವೇ’ ಎಂಬ ಪ್ರಶ್ನೆಗೆ ಸಾಕು.

ಒಂದು ವಿಷಯ ನೇರವಾಗಿಯೇ ಹೇಳಬೇಕು. ಮೊದಲು ಮೈ ಜುಮ್ಮೆನ್ನಿಸುತ್ತಿದ್ದ ಸ್ಟೇಕ್ ಈಗ ಸಪ್ಪೆ, ದೊಡ್ಡ ಸ್ಟೇಕ್ ಅಥವಾ ವೇಗದ ಆಟ ಮಾತ್ರ ಹಿತ ಎನ್ನುವಂತಿದ್ದರೆ ಅದಕ್ಕೆ ಬೇಸರ ಎಂಬ ಹೆಸರು ಸರಿಯಲ್ಲ. ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಷನ್ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿ ಜೂಜಿನ ಚಟಕ್ಕೆ ಒಂಬತ್ತು ಲಕ್ಷಣ ಹೇಳುತ್ತದೆ. ಅದೇ ಉದ್ವೇಗಕ್ಕೆ ಹೆಚ್ಚು ಹೆಚ್ಚು ಹಣ ಬೇಕಾಗುವುದು, ನಿಲ್ಲಿಸಲು ಹೋದರೆ ಕಿರಿಕಿರಿ, ನಿಲ್ಲಿಸಲು ಯತ್ನಿಸಿ ಸೋಲುವುದು, ಕಳೆದದ್ದನ್ನು ಮರಳಿ ಪಡೆಯಲು ಬೆನ್ನಟ್ಟುವುದು, ಮನೆಯವರಿಂದ ಮುಚ್ಚಿಡುವುದು, ಇತರರಿಂದ ಹಣ ಕೇಳುವಂತಾಗುವುದು ಅವುಗಳಲ್ಲಿ ಕೆಲವು. 12 ತಿಂಗಳಲ್ಲಿ ನಾಲ್ಕು ಕಂಡರೆ ಅದು ರೋಗ ಎಂದು ಗುರುತಿಸುವ ಮಟ್ಟ. ನಿಮ್ಮ ಪತ್ರದಲ್ಲಿ ಇವು ಸ್ಪಷ್ಟವಾಗಿ ಕಾಣುತ್ತಿಲ್ಲ. ಆದರೆ ಮೂರು ತಿಂಗಳ ಒಳಗೆ ಮೂರು ಹೊಸ ಆಟ, ಅದರಲ್ಲಿ ಒಂದರಲ್ಲೇ 14 ಬೈ-ಇನ್ ಎಂಬುದನ್ನು ಓದಿದಾಗ ಕೇಳದೆ ಇರಲಾಗಲಿಲ್ಲ. ಎರಡಾದರೂ ನಿಮ್ಮದು ಅನ್ನಿಸಿದರೆ ಫಾರ್ಮ್ಯಾಟ್ ಪ್ರಶ್ನೆಯನ್ನು ಬದಿಗಿಡಿ, ಆಟದ ತಾಣದಲ್ಲೇ ಇರುವ ಠೇವಣಿ ಮಿತಿ ಅಥವಾ ಸ್ವಯಂ ನಿರ್ಬಂಧವನ್ನು ಒಂದು ತಿಂಗಳಿಗೆ ಹಾಕಿ, ಮನೋವೈದ್ಯರನ್ನೋ ಆಪ್ತ ಸಲಹೆಗಾರರನ್ನೋ ಕಾಣಿ. ನೀವಿರುವ ಜಾಗದಲ್ಲಿ ಹಣದ ಆಟಕ್ಕೆ ಕಾನೂನಿನ ಅಡ್ಡಿ ಇದ್ದರೆ ಮೇಲಿನದ್ದನ್ನೆಲ್ಲ ಪುಕ್ಕಟೆ ಚಿಪ್‌ನಲ್ಲೇ ಕಲಿಯಿರಿ, ಐಸಿಎಂ ಲೆಕ್ಕ ಅಲ್ಲೂ ಬದಲಾಗುವುದಿಲ್ಲ.

ಚಟದ ಸುಳಿವೇನೂ ಇಲ್ಲ, ಬರೀ ದಣಿವು ಎಂದಾದರೆ ಎರಡು ವಾರ ಪೂರ್ತಿ ಬಿಡುವುದೂ ಒಂದು ಆಯ್ಕೆ. ಮೂರು ವರ್ಷ ರಾತ್ರಿ ರಾತ್ರಿ ಕೂತವರಿಗೆ ಅದು ನಷ್ಟವೇನಲ್ಲ.

ಕೊನೆಯದಾಗಿ, ಹೋಲ್ಡೆಮ್ ಮರೆಯುತ್ತದೆಯೇ? ಮರೆಯುವುದಿಲ್ಲ, ಆದರೆ ಹೊಸ ಆಟದ ಅಭ್ಯಾಸ ಹಳೆಯದಕ್ಕೆ ಅಂಟುತ್ತದೆ. ಸಿಟ್ ಅಂಡ್ ಗೋನಿಂದ ಮರಳಿದವರು ಕ್ಯಾಶ್‌ನಲ್ಲಿ ಸಣ್ಣ ಮೇಲುಗೈಗಳನ್ನು ಬಿಟ್ಟುಕೊಡುತ್ತಾರೆ, ಬ್ಲೈಂಡ್ ಕಾಪಾಡಲು ಹಿಂಜರಿಯುತ್ತಾರೆ. ಹೆಡ್ಸ್-ಅಪ್‌ನಿಂದ ಬಂದವರು ಮೊದಲ ಸೀಟಿನಿಂದಲೂ ಅಗಲವಾಗಿ ಆಡುತ್ತಾರೆ. ಒಮಾಹಾದವರು ಒಂದು ಜೋಡಿಯನ್ನು ಅತಿಯಾಗಿ ಅನುಮಾನಿಸುತ್ತಾರೆ, ಬೌಂಟಿ ಆಡಿದವರು ಆಲ್-ಇನ್‌ಗೆ ಅಗ್ಗವಾಗಿ ಕಾಲ್ ಮಾಡುತ್ತಾರೆ. ಪ್ರತಿ ಸಲ ಮರಳುವಾಗ ಸೀಟುವಾರು ಆರಂಭದ ಎಲೆಗಳ ಚಾರ್ಟ್ ಪಕ್ಕದಲ್ಲಿಟ್ಟುಕೊಂಡು ಮೊದಲ 150 ಹ್ಯಾಂಡ್ ಒಂದೇ ಟೇಬಲ್‌ನಲ್ಲಿ ಆಡಿ, ಆಮೇಲೆ ಎರಡನೆಯದು ತೆರೆಯಿರಿ.